ಹೊಲ ಕೊಳ್ಳುವಾಗಿನ ಎಚ್ಚರ ಫ್ಲ್ಯಾಟ್ ಕೊಳ್ಳುವಾಗ ಎಲ್ಲಿ ಹೋಗುತ್ತದೆ?

ಆಸ್ತಿ ನೋಂದಣಿಯ ಕುರಿತು 2025ರಲ್ಲಿ ಸುಪ್ರೀಂ ಕೋರ್ಟ್ ಎರಡು ಮಹತ್ವದ ತೀರ್ಪುಗಳನ್ನು ನೀಡಿತು. ಏಪ್ರಿಲ್ 7ರಂದು ಬಂದ ಮೊದಲನೆಯದು ತಮಿಳುನಾಡಿಗೆ ಸಂಬಂಧಿಸಿದ್ದು. ಮಾರುವವರು ತಮ್ಮ ಹಕ್ಕನ್ನು ಸಾಬೀತುಪಡಿಸದಿದ್ದರೆ ನೋಂದಣಿಯನ್ನು ನಿರಾಕರಿಸಬಹುದು ಎಂಬ ಅಲ್ಲಿನ ನಿಯಮವನ್ನು ನ್ಯಾಯಾಲಯ ರದ್ದುಗೊಳಿಸಿತು. ನವೆಂಬರ್ 7ರ ಎರಡನೆಯ ತೀರ್ಪು ಬಿಹಾರದ್ದು. ಮಾರುವವರ ಹೆಸರಿಗೆ ಕಂದಾಯ ದಾಖಲೆ ಬದಲಾಗಿರಲೇಬೇಕು ಎಂಬ ಷರತ್ತನ್ನು ನ್ಯಾಯಮೂರ್ತಿಗಳಾದ ಪಿ.ಎಸ್. ನರಸಿಂಹ ಮತ್ತು ಜೊಯ್‌ಮಾಲ್ಯ ಬಾಗ್ಚಿ ಅವರ ಪೀಠ ತಳ್ಳಿಹಾಕಿತು. ಎರಡೂ ತೀರ್ಪುಗಳ ಸಾರ ಒಂದೇ. ಉಪನೋಂದಣಾಧಿಕಾರಿ ನೋಂದಾಯಿಸುವುದು ಪತ್ರವನ್ನು, ಮಾಲೀಕತ್ವವನ್ನಲ್ಲ. ಮಾರುವವನಿಗೆ ನಿಜಕ್ಕೂ ಹಕ್ಕಿದೆಯೇ ಎಂದು ತೀರ್ಮಾನಿಸುವುದು ಅವರ ಕೆಲಸವಲ್ಲ.

ದೆಹಲಿಯ ತೀರ್ಪಿಗೂ ನಮ್ಮ ಧರ್ಮಕೇಂದ್ರಗಳ ಕುಟುಂಬಗಳಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಬಹಳವಿದೆ. ಗಲ್ಫ್‌ನಲ್ಲಿ ಇಪ್ಪತ್ತು ವರ್ಷ ದುಡಿದ ಹಣ, ಶಿಕ್ಷಕಿಯ ನಿವೃತ್ತಿ ಹಣ, ಊರಿನ ತೋಟ ಮಾರಿ ಬಂದ ಹಣ ಇಂದು ಹೋಗುತ್ತಿರುವುದು ಮಂಗಳೂರು, ಉಡುಪಿ, ಬೆಂಗಳೂರಿನ ಫ್ಲ್ಯಾಟುಗಳಿಗೆ. "ರಿಜಿಸ್ಟ್ರಿ ಆಯಿತಲ್ಲ, ಇನ್ನೇನು ಭಯ?" ಎಂಬ ಮಾತನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ. ಆ ಮಾತಿಗೆ ಕಾನೂನಿನ ಆಧಾರವಿಲ್ಲ ಎಂಬುದನ್ನು ಈ ಎರಡು ತೀರ್ಪುಗಳು ಇನ್ನೊಮ್ಮೆ ಸ್ಪಷ್ಟಪಡಿಸಿವೆ.

ಏಳು ರೂಪಾಯಿ ಕೊಟ್ಟು ಪಡೆಯುವುದೇನು?

ಕರ್ನಾಟಕ ಸರ್ಕಾರ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವನ್ನು ಶೇ. 1ರಿಂದ ಶೇ. 2ಕ್ಕೆ ಏರಿಸಿತು. ಅರುವತ್ತು ಲಕ್ಷ ರೂಪಾಯಿಯ ಫ್ಲ್ಯಾಟ್ ಒಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಶೇ. 5ರ ಮುದ್ರಾಂಕ ಶುಲ್ಕ 3 ಲಕ್ಷ, ಶೇ. 2ರ ನೋಂದಣಿ ಶುಲ್ಕ 1 ಲಕ್ಷದ 20 ಸಾವಿರ. ಸೆಸ್ಸು, ಸರ್‌ಚಾರ್ಜು ಬೇರೆ. ಹೀಗೆ ನೂರಕ್ಕೆ ಏಳು ರೂಪಾಯಿಗೂ ಮಿಕ್ಕಿ ಸರ್ಕಾರಕ್ಕೆ ಸಲ್ಲಿಸಿದ ಮೇಲೆ ನಮ್ಮ ಕೈಗೆ ಬರುವುದು, ಇಂಥವರು ಇಂಥವರಿಗೆ ಇಂಥ ದಿನ ಈ ಪತ್ರ ಬರೆದುಕೊಟ್ಟರು ಎಂಬುದರ ದಾಖಲೆ ಮಾತ್ರ. ಬರೆದುಕೊಟ್ಟವರಿಗೆ ಆ ನೆಲದ ಮೇಲೆ ಹಕ್ಕೇ ಇರದಿದ್ದರೆ ಕೊಂಡವರಿಗೂ ಹಕ್ಕು ಬರುವುದಿಲ್ಲ. ತನ್ನಲ್ಲಿ ಇಲ್ಲದ್ದನ್ನು ಯಾರೂ ಇನ್ನೊಬ್ಬರಿಗೆ ಕೊಡಲಾರರು.

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮವರು ಅಲ್ಲಿ ಮನೆ ಕೊಂಡ ಅನುಭವದಿಂದ ಇಲ್ಲಿಯೂ ಹಾಗೆಯೇ ಇರಬೇಕೆಂದು ಭಾವಿಸುವುದುಂಟು. ಅಲ್ಲಿ ಕೊಳ್ಳುವವರ ಪರವಾಗಿ ಸಾಲಿಸಿಟರ್ ಅಥವಾ ಅದೇ ಕೆಲಸಕ್ಕೆ ಪರವಾನಗಿ ಪಡೆದವರು ಸ್ಥಳೀಯ ಆಡಳಿತದಿಂದ ಮೊದಲುಗೊಂಡು ಎಲ್ಲ ಕಡೆ ಶೋಧ ನಡೆಸುತ್ತಾರೆ. ಹಕ್ಕು ಭೂನೋಂದಣಿ ಇಲಾಖೆಯ ಪುಸ್ತಕದಲ್ಲಿ ದಾಖಲಾಗುತ್ತದೆ. ಆ ಪುಸ್ತಕದ ತಪ್ಪಿನಿಂದ ನಷ್ಟವಾದರೆ ಪರಿಹಾರ ಕೊಡುವ ವ್ಯವಸ್ಥೆ ಸರ್ಕಾರದ್ದೇ ಇದೆ. ನಮ್ಮಲ್ಲಿ ಅಂತಹ ಖಾತರಿ ಇಲ್ಲ. ಆದ್ದರಿಂದಲೇ ಇಲ್ಲಿ ಕೊಳ್ಳುವವರ ವಕೀಲರ ಕೆಲಸ ಅಲ್ಲಿಗಿಂತ ಹೆಚ್ಚಿನದು. ಆದರೆ ಅಲ್ಲಿ ಸಾಲಿಸಿಟರ್ ಇಲ್ಲದೆ ಹೆಜ್ಜೆ ಇಡದವರೇ ಇಲ್ಲಿ ಬಿಲ್ಡರ್ ಕೊಟ್ಟ ಫೈಲನ್ನು ತೆರೆದೂ ನೋಡದೆ ಸಹಿ ಹಾಕುತ್ತಾರೆ.

ಪರಶುರಾಂಪುರದ ರೈತ ಕೇಳುವ ಪ್ರಶ್ನೆ

ಕರಾವಳಿಯನ್ನು ಪರಶುರಾಮ ಸೃಷ್ಟಿ ಎಂದು ಕರೆಯುವ ಐತಿಹ್ಯ ನಮಗೆಲ್ಲ ಗೊತ್ತು. ಅದೇ ಹೆಸರಿನ ಊರೊಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ, ಆಂಧ್ರದ ಗಡಿಯ ಹತ್ತಿರ, ವೇದಾವತಿ ನದಿಯ ಸೀಮೆಯಲ್ಲಿದೆ. ಪರಶುರಾಂಪುರ ಹೋಬಳಿ ಮಳೆ ಕಡಿಮೆಯ, ಶೇಂಗಾ ಬೆಳೆಯುವ ನಾಡು. ಬಹುಮಹಡಿ ಕಟ್ಟಡಗಳ ಚರ್ಚೆಗೆ ಆ ಊರನ್ನು ತರುವುದಕ್ಕೆ ಕಾರಣವಿದೆ.

ಅಲ್ಲಿಯ ರೈತ ಎರಡು ಎಕರೆ ಹೊಲ ಕೊಳ್ಳುವಾಗ ಹೇಗೆ ವಿಚಾರಿಸುತ್ತಾನೆ ನೋಡಿ. ಪಹಣಿ ತೆಗೆಸುತ್ತಾನೆ. 9ನೇ ಕಲಮಿನಲ್ಲಿ ಯಾರ ಹೆಸರಿದೆ, 10ರಲ್ಲಿ ಅದು ಹೇಗೆ ಬಂತು, 11ರಲ್ಲಿ ಯಾವ ಸಾಲವಿದೆ ಎಂದು ಓದಿಸುತ್ತಾನೆ. ಚೆಕ್ಕುಬಂದಿ ಸರಿಯಿದೆಯೇ, ಪೋಡಿ ಆಗಿದೆಯೇ, ಅಣ್ಣತಮ್ಮಂದಿರ ನಡುವೆ ಭಾಗವಾಗಿದೆಯೇ ಎಂದು ಕೇಳುತ್ತಾನೆ. ಎಲ್ಲಕ್ಕಿಂತ ಮೊದಲು ಊರಿನ ಹಿರಿಯರನ್ನು ಕಂಡು ಒಂದು ಮಾತು ಕೇಳುತ್ತಾನೆ: ಇದು ಯಾರಿಗೆ ಮಂಜೂರಾದ ಜಮೀನು?

ಈ ಕೊನೆಯ ಪ್ರಶ್ನೆ ಆ ಸೀಮೆಯಲ್ಲಿ ಬಹು ಮುಖ್ಯ. ಚಳ್ಳಕೆರೆ ಮತ್ತು ಮೊಳಕಾಲ್ಮೂರು ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ದರಖಾಸ್ತಿನಲ್ಲಿ ಸಾಗುವಳಿ ಚೀಟಿ ಪಡೆದ ಜಮೀನು, ತೋಟಿ ತಳವಾರಿಕೆಗೆ ಬಿಟ್ಟಿದ್ದ ಇನಾಂ ಜಮೀನು ಅಂತಹ ಕಡೆ ಅಪರೂಪವಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಪರಭಾರೆಯನ್ನು ನಿಷೇಧಿಸುವ 1978ರ ಕಾಯಿದೆಯನ್ನು ಜನ ಪಿ.ಟಿ.ಸಿ.ಎಲ್. ಎಂದೇ ಕರೆಯುತ್ತಾರೆ. ಮಂಜೂರಾತಿಯ ಷರತ್ತು ಮೀರಿ ಅಥವಾ ಸರ್ಕಾರದ ಪೂರ್ವಾನುಮತಿ ಇಲ್ಲದೆ ಇಂಥ ಜಮೀನು ಮಾರಿದರೆ, ಎಷ್ಟು ಸಲ ನೋಂದಣಿಯಾಗಿದ್ದರೂ ಆ ಮಾರಾಟ ಅಸಿಂಧು. ಉಪವಿಭಾಗಾಧಿಕಾರಿ ವಿಚಾರಣೆ ನಡೆಸಿ ಜಮೀನನ್ನು ಮೂಲ ಕುಟುಂಬಕ್ಕೆ ಮರಳಿಸಬಹುದು.

ಎಷ್ಟು ವರ್ಷಗಳ ನಂತರ ಹೀಗೆ ಮರಳಿ ಕೇಳಬಹುದು ಎಂಬುದೇ ದೊಡ್ಡ ವಿವಾದವಾಯಿತು. ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್, ಸಮಂಜಸವಾದ ಅವಧಿಯೊಳಗೆ ಕೇಳಬೇಕು ಎಂದಿತು. ಅದರಿಂದ ಅನೇಕ ಬಡ ಕುಟುಂಬಗಳ ಅರ್ಜಿಗಳು ಬಿದ್ದುಹೋದವು. 2023ರಲ್ಲಿ ರಾಜ್ಯ ವಿಧಾನಮಂಡಲ ಕಾಯಿದೆಗೆ ತಿದ್ದುಪಡಿ ತಂದು, ಅರ್ಜಿಗೆ ಕಾಲಮಿತಿ ಇಲ್ಲ ಎಂದಿತು. ಆ ತಿದ್ದುಪಡಿಯ ನಂತರವೂ ವಿಳಂಬದ ಪ್ರಶ್ನೆ ಹೈಕೋರ್ಟಿನ ಮುಂದೆ ಬಂದಿದೆ.

ಈ ಕಾಯಿದೆಯನ್ನು ಕೊಳ್ಳುವವರ ಪಾಲಿನ ಕಂಟಕ ಎಂದು ಕೆಲವರು ದೂರುತ್ತಾರೆ. ನಮಗೆ ಹಾಗೆ ಅನಿಸುವುದಿಲ್ಲ. ಅನಕ್ಷರಸ್ಥ ಕುಟುಂಬಗಳಿಂದ ನೂರಿನ್ನೂರು ರೂಪಾಯಿಗೆ ಬರೆಸಿಕೊಂಡ ನೆಲವನ್ನು ಅವರಿಗೆ ಮರಳಿ ಕೊಡಿಸಲು ಬಂದ ಕಾಯಿದೆ ಅದು. ಆದರೆ ಕೊಳ್ಳುವವನು ವಿಚಾರಿಸದೆ ಕೊಂಡರೆ ಕೊನೆಗೆ ಕಚೇರಿಯಲ್ಲಿ ಎದುರುಬದುರಾಗುವವರು ಇಬ್ಬರು ಸಾಮಾನ್ಯರು: ನೆಲ ಕಳೆದುಕೊಂಡ ಕುಟುಂಬ ಮತ್ತು ಉಳಿತಾಯ ಕಳೆದುಕೊಂಡ ಕುಟುಂಬ. ನಡುವೆ ನಿಂತು ಲಾಭ ಮಾಡಿಕೊಂಡವರು ಆ ಹೊತ್ತಿಗೆ ಬೇರೆ ಊರಿನಲ್ಲಿ ಬೇರೆ ಲೇಔಟ್ ಮಾಡುತ್ತಿರುತ್ತಾರೆ. ಶೋಧ ನಡೆಸುವುದು ಹೀಗೆ ನಮ್ಮ ಹಣದ ರಕ್ಷಣೆ ಮಾತ್ರವಲ್ಲ, ಇನ್ನೊಬ್ಬರ ನೆಲದ ಮೇಲೆ ನಾವು ಮನೆ ಕಟ್ಟದಿರುವ ನ್ಯಾಯದ ಪ್ರಶ್ನೆಯೂ ಹೌದು.

ಇದೆಲ್ಲ ಹೊಲದ ಮಾತಾಯಿತು. ಇದೇ ರೈತ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನಿಗಾಗಿ ಫ್ಲ್ಯಾಟ್ ಕೊಳ್ಳಲು ಹೋದನೆಂದು ಭಾವಿಸಿ. ಲಿಫ್ಟ್ ಇದೆಯೇ, ನೀರು ಬರುತ್ತದೆಯೇ, ಟೈಲ್ಸ್ ಯಾವುದು, ಬ್ಯಾಂಕ್ ಸಾಲ ಸಿಗುತ್ತದೆಯೇ ಎಂಬ ಪ್ರಶ್ನೆಗಳು ಬರುತ್ತವೆ. ಇದು ಯಾರಿಗೆ ಮಂಜೂರಾದ ಜಮೀನು ಎಂಬ ಪ್ರಶ್ನೆ ಮಾತ್ರ ಬರುವುದಿಲ್ಲ. ಬೆಂಗಳೂರಿನ ಸುತ್ತಲಿನ ಅಪಾರ್ಟ್‌ಮೆಂಟುಗಳೂ ಒಂದು ಕಾಲದ ರಾಗಿ ಹೊಲಗಳ ಮೇಲೆ, ಗೋಮಾಳಗಳ ಪಕ್ಕದಲ್ಲಿ, ಕೆರೆಗಳ ಅಂಚಿನಲ್ಲಿ ಎದ್ದಂಥವು. ಫ್ಲ್ಯಾಟಿನ ಹಕ್ಕು ಎಂದರೆ ಗೋಡೆಯ ಹಕ್ಕಲ್ಲ. ಕೆಳಗಿನ ನೆಲದಲ್ಲಿ ಒಂದು ಅವಿಭಜಿತ ಪಾಲು. ನೆಲದ ಹಕ್ಕು ಬಿದ್ದರೆ ಐದನೇ ಮಹಡಿಯ ಹಕ್ಕು ನಿಲ್ಲಲಾರದು.

ಕರಾವಳಿಯ ನೆಲದ ಕಥೆ ಬೇರೆ

ಘಟ್ಟದ ಮೇಲಿನ ಪ್ರಶ್ನೆಯನ್ನೇ ಇಲ್ಲಿ ಕೇಳಿದರೆ ಸಾಲದು. ನಮ್ಮ ನೆಲಕ್ಕೆ ಅದರದೇ ಚರಿತ್ರೆ ಇದೆ. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿ, ನಮೂನೆ 7ರಲ್ಲಿ ಡಿಕ್ಲರೇಶನ್ ಕೊಟ್ಟ ಒಕ್ಕಲುಗಳಿಗೆ ಭೂನ್ಯಾಯ ಮಂಡಳಿಯ ಮೂಲಕ ಹಕ್ಕು ಬಂತು. ಇಂದು ಫ್ಲ್ಯಾಟ್ ನಿಂತಿರುವ ಎಷ್ಟೋ ಜಾಗಗಳ ಹಕ್ಕು ಆರಂಭವಾಗುವುದೇ ಆ ಆದೇಶದಿಂದ. ಆದೇಶದ ನಕಲು ಇದೆಯೇ? ಅದರ ಮೇಲೆ ಮೇಲ್ಮನವಿ ಅಥವಾ ರಿಟ್ ಬಾಕಿಯಿದೆಯೇ? ಮೂಲಗೇಣಿ ಜಾಗವಾದರೆ ಮೂಲಿದಾರರ ಹಕ್ಕು ಏನಾಗಿದೆ? ವರ್ಗ ಜಾಗದ ಜೊತೆಗೆ ಕುಮ್ಕಿಯನ್ನೂ ಸೇರಿಸಿ ಅಳತೆ ತೋರಿಸಿದ್ದಾರೆಯೇ? ಕುಮ್ಕಿ ಸರ್ಕಾರದ ನೆಲ. ಅದರ ಮೇಲೆ ವರ್ಗದಾರರಿಗೆ ಇರುವುದು ಸೊಪ್ಪು ಸೌದೆಯಂತಹ ಸವಲತ್ತು, ಮಾರುವ ಹಕ್ಕಲ್ಲ.

ಇನ್ನೊಂದು ವಿಷಯ ನಮ್ಮ ಸಮುದಾಯಕ್ಕೆ ನೇರವಾಗಿ ತಟ್ಟುವಂಥದ್ದು. ಹಳೆಯ ಮನೆ ಹಿತ್ತಿಲುಗಳನ್ನು ಬಿಲ್ಡರ್‌ಗೆ ಜಂಟಿ ಅಭಿವೃದ್ಧಿ ಕರಾರಿನಲ್ಲಿ ಕೊಟ್ಟು, ಬದಲಿಗೆ ಕೆಲವು ಫ್ಲ್ಯಾಟುಗಳನ್ನು ಪಡೆಯುವುದು ಇಂದು ಸಾಮಾನ್ಯ. ಆ ಕರಾರಿಗೆ ಕುಟುಂಬದ ಎಲ್ಲ ವಾರಸುದಾರರೂ ಸಹಿ ಹಾಕಿದ್ದಾರೆಯೇ? 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ವೀಲುನಾಮೆ ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ಮೂರರಲ್ಲಿ ಒಂದು ಪಾಲು ವಿಧವೆಗೆ, ಉಳಿದ ಎರಡು ಪಾಲು ಮಕ್ಕಳಿಗೆ. ಆ ಮಕ್ಕಳಲ್ಲಿ ಗಂಡು ಹೆಣ್ಣು ಎಂಬ ಭೇದವಿಲ್ಲ. "ಮದುವೆಯಲ್ಲಿ ಅವಳಿಗೆ ಕೊಟ್ಟಾಗಿದೆ" ಎಂಬುದು ಕಾನೂನಿನ ಮಾತಲ್ಲ. ಮುಂಬಯಿಯಲ್ಲೋ ಕೆನಡಾದಲ್ಲೋ ಇರುವ ಸಹೋದರಿಯೊಬ್ಬಳ ಸಹಿ ಬಿಟ್ಟುಹೋಗಿದ್ದರೆ, ಆ ಜಾಗದಲ್ಲಿ ಎದ್ದ ಪ್ರತಿ ಫ್ಲ್ಯಾಟಿನ ಮೇಲೂ ಅವಳ ಪಾಲಿನ ನೆರಳಿರುತ್ತದೆ. ಹಿಂದೂ ಕುಟುಂಬದಿಂದ ಬಂದ ಜಾಗವಾದರೆ, 2005ರ ತಿದ್ದುಪಡಿ ಮತ್ತು 2020ರ ವಿನೀತಾ ಶರ್ಮ ತೀರ್ಪಿನ ನಂತರ ಹೆಣ್ಣುಮಕ್ಕಳ ಹಕ್ಕನ್ನು ಅಷ್ಟೇ ಎಚ್ಚರದಿಂದ ನೋಡಬೇಕು.

ಇ.ಸಿ. ಹೇಳುವುದೂ ಹೇಳದಿರುವುದೂ

ಬಹುಪಾಲು ಜನ ಇ.ಸಿ. ಅಂದರೆ ಋಣಭಾರ ಪ್ರಮಾಣಪತ್ರ ತೆಗೆಸಿದರೆ ಶೋಧ ಮುಗಿಯಿತು ಎಂದುಕೊಳ್ಳುತ್ತಾರೆ. ವ್ಯವಹಾರಗಳಿದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16. ಕಾವೇರಿ ತಂತ್ರಾಂಶದಲ್ಲಿ ಅದನ್ನು ಮನೆಯಲ್ಲೇ ಕುಳಿತು ಪಡೆಯಬಹುದು. ಇದು ಒಳ್ಳೆಯ ಬೆಳವಣಿಗೆ. ಆದರೆ ಆನ್‌ಲೈನಿನಲ್ಲಿ ಸುಲಭವಾಗಿ ಸಿಗುವುದು ಸುಮಾರು 2004ರಿಂದ ಈಚಿನದು. ಅದಕ್ಕೂ ಹಿಂದಿನದನ್ನು ಕಚೇರಿಯ ಪುಸ್ತಕಗಳಲ್ಲಿ ಹುಡುಕಿಸಬೇಕು. ಕನಿಷ್ಠ ಮೂವತ್ತು ವರ್ಷಗಳ ಸರಪಳಿ ನೋಡುವುದು ವಕೀಲರ ರೂಢಿ. ನಮ್ಮ ಜಿಲ್ಲೆಗಳಲ್ಲಿ 1974ರವರೆಗೆ ಹೋಗುವುದು ಲೇಸು.

ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದದ್ದು ಮಾತ್ರ. ನೋಂದಣಿಯಾಗದ ಮುಂಗಡ ಕರಾರು ಅದರಲ್ಲಿ ಕಾಣದು. ನೋಂದಾಯಿಸದ ವೀಲುನಾಮೆ, ಬಾಯಿಮಾತಿನ ಭಾಗ, ಸಿವಿಲ್ ನ್ಯಾಯಾಲಯದ ದಾವೆ, ಉಪವಿಭಾಗಾಧಿಕಾರಿಯ ಮುಂದಿರುವ ಪಿ.ಟಿ.ಸಿ.ಎಲ್. ಅರ್ಜಿ ಕಾಣದಿರಬಹುದು. ಮೂಲಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲವೂ ಕೆಲವೊಮ್ಮೆ ಕಾಣುವುದಿಲ್ಲ. ಅದಕ್ಕಾಗಿಯೇ 2011ರಲ್ಲಿ ಸೆರ್ಸಾಯ್ ಎಂಬ ಕೇಂದ್ರ ದಾಖಲೆ ವ್ಯವಸ್ಥೆ ಆರಂಭವಾಯಿತು. ಅಲ್ಪ ಶುಲ್ಕ ಕಟ್ಟಿ ಅದರಲ್ಲಿ ಯಾರು ಬೇಕಾದರೂ ಹುಡುಕಬಹುದು. ಹುಡುಕುವವರು ಮಾತ್ರ ಕಡಿಮೆ.

ಖಾತೆಯ ವಿಷಯದಲ್ಲೂ ಇದೇ ತಪ್ಪು ತಿಳಿವಳಿಕೆ. 2024ರಿಂದ ರಾಜ್ಯದಲ್ಲಿ ಇ-ಖಾತಾ ಇಲ್ಲದೆ ಆಸ್ತಿ ನೋಂದಣಿ ಕಷ್ಟವಾಗಿದೆ. ಒಂದೇ ನಿವೇಶನವನ್ನು ಹಲವರಿಗೆ ಮಾರುವ ಮೋಸಕ್ಕೆ ಇದರಿಂದ ತಕ್ಕಮಟ್ಟಿನ ತಡೆ ಬಿದ್ದಿದೆ ಎಂಬುದನ್ನು ಒಪ್ಪಬೇಕು. ಆದರೂ ಖಾತೆ ಎಂಬುದು ತೆರಿಗೆಗಾಗಿ ಇಟ್ಟ ದಾಖಲೆ, ಹಕ್ಕುಪತ್ರವಲ್ಲ. ಪಂಚಾಯಿತಿಯ ನಮೂನೆ 9 ಮತ್ತು 11ಎ ಬೇರೆ, 11ಬಿ ಬೇರೆ. ನಗರದ ಎ ಖಾತಾ ಬೇರೆ, ಬಿ ಖಾತಾ ಬೇರೆ. ತೆರಿಗೆ ಕಟ್ಟಿದ ರಶೀದಿ ಇದೆ ಎಂಬ ಮಾತ್ರಕ್ಕೆ ಅಕ್ರಮ ಬಡಾವಣೆ ಸಕ್ರಮವಾಗುವುದಿಲ್ಲ.

ಅಧಿಕಾರಪತ್ರದ ಮೇಲಿನ ಮಾರಾಟ ಮತ್ತೊಂದು ಅಪಾಯ. ಜಿ.ಪಿ.ಎ., ಕರಾರು ಮತ್ತು ವೀಲುನಾಮೆ ಮೂರನ್ನೂ ಬರೆಸಿಕೊಂಡರೂ ಮಾಲೀಕತ್ವ ಬರುವುದಿಲ್ಲ ಎಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಅಧಿಕಾರಪತ್ರ ಹೊಂದಿದವರು ಮಾಲೀಕರ ಪರವಾಗಿ ಕ್ರಯಪತ್ರಕ್ಕೆ ಸಹಿ ಹಾಕಬಹುದು. ಆದರೆ ಅದನ್ನು ಕೊಟ್ಟವರು ಇನ್ನೂ ಬದುಕಿದ್ದಾರೆಯೇ, ಅದನ್ನು ರದ್ದುಪಡಿಸಿಲ್ಲವೇ ಎಂದು ನೋಡಬೇಕು. ವಿದೇಶದಲ್ಲಿ ಬರೆದ ಅಧಿಕಾರಪತ್ರವಾದರೆ ಅದು ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿರಬೇಕು. ಗಲ್ಫ್‌ನಲ್ಲಿರುವ ನಮ್ಮವರು ಇದನ್ನು ಮರೆಯುವುದೇ ಹೆಚ್ಚು.

ವಕೀಲರು ಯಾರ ಪರ?

ಇಷ್ಟೆಲ್ಲವನ್ನು ನೋಡಲು ವಕೀಲರೇ ಬೇಕು. ಅವರು ಯಾರ ವಕೀಲರು ಎಂಬುದು ಮುಖ್ಯ. ಬಿಲ್ಡರ್ ತೋರಿಸುವ ಲೀಗಲ್ ಒಪಿನಿಯನ್ ಬಿಲ್ಡರ್‌ಗಾಗಿ ಬರೆದದ್ದು. ಬ್ಯಾಂಕಿನ ಪಟ್ಟಿಯ ವಕೀಲರು ಕೊಡುವ ವರದಿ ಬ್ಯಾಂಕಿನ ಸಾಲದ ಭದ್ರತೆಗಾಗಿ. ಅದರ ಶುಲ್ಕ ನಾವು ಕಟ್ಟಿದರೂ ಅದು ನಮಗೆ ಬರೆದ ಸಲಹೆಯಲ್ಲ. "ಬ್ಯಾಂಕ್ ಸಾಲ ಕೊಟ್ಟಿದೆ ಎಂದ ಮೇಲೆ ದಾಖಲೆ ಸರಿಯಿರಲೇಬೇಕು" ಎಂಬ ನಂಬಿಕೆ ಇಂದು ಬಹಳ ವ್ಯಾಪಕ. ಆದರೆ ಹಕ್ಕಿನಲ್ಲಿ ದೋಷ ಬಂದಾಗ ಬ್ಯಾಂಕ್ ಕಂತನ್ನು ಬಿಡುವುದಿಲ್ಲ. ಪತ್ರ ಬರಹಗಾರರು ಪತ್ರ ಬರೆಯುತ್ತಾರೆ. ಹಕ್ಕಿನ ಪರಿಶೀಲನೆ ಅವರ ಹೊಣೆಯಲ್ಲ.

ಆದ್ದರಿಂದ ನಾವು ಶುಲ್ಕ ಕೊಟ್ಟು ನೇಮಿಸಿಕೊಂಡ, ಆ ತಾಲ್ಲೂಕಿನ ನೆಲದ ಚರಿತ್ರೆ ಬಲ್ಲ ವಕೀಲರಿಂದ ಲಿಖಿತ ಅಭಿಪ್ರಾಯ ಪಡೆಯಬೇಕು. ಬೆಂಗಳೂರಿನ ಫ್ಲ್ಯಾಟಿಗೆ ಮಂಗಳೂರಿನ ಪರಿಚಯದ ವಕೀಲರು ಸಾಲದೇ ಹೋಗಬಹುದು. ಚಳ್ಳಕೆರೆಯ ಜಮೀನಿಗಂತೂ ಚಿತ್ರದುರ್ಗ ಸೀಮೆಯವರೇ ಬೇಕು. ಇದೆಲ್ಲ ಆಗಬೇಕಾದದ್ದು ಮುಂಗಡ ಕೊಡುವ ಮೊದಲು. ಮುಂಗಡ ಕೊಟ್ಟ ಮೇಲೆ ವಕೀಲರ ಬಳಿ ಹೋಗುವವರು ಸಲಹೆಗೆ ಹೋಗುವುದಿಲ್ಲ, ಸಮಾಧಾನಕ್ಕೆ ಹೋಗುತ್ತಾರೆ. ಅರುವತ್ತು ಲಕ್ಷದ ವ್ಯವಹಾರದಲ್ಲಿ ಸರ್ಕಾರಕ್ಕೆ ನಾಲ್ಕು ಲಕ್ಷಕ್ಕೂ ಮೀರಿ ಕಟ್ಟುವವರು ವಕೀಲರ ಶುಲ್ಕದಲ್ಲಿ ಚೌಕಾಸಿ ಮಾಡುವುದು ಜಾಣತನವಲ್ಲ.

ಹೊಸ ಫ್ಲ್ಯಾಟುಗಳ ವಿಷಯದಲ್ಲಿ 2016ರ ರೇರಾ ಕಾಯಿದೆ ಬಲವಾದ ಆಸರೆ. 500 ಚದರ ಮೀಟರಿಗಿಂತ ಹೆಚ್ಚಿನ ನೆಲ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳಿರುವ ಯೋಜನೆ ನೋಂದಣಿಯಾಗಿರಬೇಕು. ಕರಾರು ನೋಂದಣಿಯಾಗುವ ಮೊದಲು ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಈ ಕಾಯಿದೆಯ 18ನೇ ಕಲಮಿನಲ್ಲಿ ಹೆಚ್ಚು ಜನರಿಗೆ ತಿಳಿಯದ ಒಂದು ಮಾತಿದೆ: ನೆಲದ ಹಕ್ಕಿನ ದೋಷದಿಂದ ಕೊಂಡವರಿಗೆ ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು, ಆ ಕೋರಿಕೆಗೆ ಕಾಲಮಿತಿಯ ಅಡ್ಡಿಯಿಲ್ಲ. ಆದರೆ ಪರಿಹಾರದ ಆದೇಶ ಬೇರೆ, ಹಣ ಕೈಗೆ ಬರುವುದು ಬೇರೆ. ಎಂಟಕ್ಕಿಂತ ಕಡಿಮೆ ಮನೆಗಳ ಸಣ್ಣ ಕಟ್ಟಡಗಳು ಎಷ್ಟೋ ಸಲ ಈ ಕಾಯಿದೆಯ ಹೊರಗೇ ಉಳಿಯುತ್ತವೆ. ನಮ್ಮ ಪಟ್ಟಣಗಳಲ್ಲಿ ಅಂಥವೇ ಅನೇಕ. ಒ.ಸಿ. ಎಂದು ಕರೆಯುವ ಸ್ವಾಧೀನಾನುಭವ ಪತ್ರ ಬಾರದ ಕಟ್ಟಡಕ್ಕೆ ಗೃಹಪ್ರವೇಶದ ದಿನ ಗೊತ್ತುಮಾಡುವ ಮೊದಲು ಯೋಚಿಸಬೇಕು.

ಸರ್ಕಾರದ ಹೊಣೆ, ನಮ್ಮ ಹೊಣೆ

ನವೆಂಬರಿನ ತೀರ್ಪು ನಿಯಮ ರದ್ದುಪಡಿಸಿ ಸುಮ್ಮನಾಗಲಿಲ್ಲ. ದೇಶದ ಸಿವಿಲ್ ದಾವೆಗಳಲ್ಲಿ ಸುಮಾರು ಶೇ. 66 ಆಸ್ತಿಗೆ ಸಂಬಂಧಿಸಿದವು ಎಂಬ ಅಂದಾಜನ್ನು ಅದು ಸ್ಮರಿಸಿತು. ಹೊಸ ತಂತ್ರಜ್ಞಾನ ಬಳಸಿ ನೋಂದಣಿ ಮತ್ತು ಹಕ್ಕನ್ನು ಒಂದುಗೂಡಿಸಲು ಸಾಧ್ಯವೇ ಎಂದು ಪರಿಶೀಲಿಸುವಂತೆ ಕಾನೂನು ಆಯೋಗವನ್ನು ಕೋರಿತು. ಭೂಮಿ ಯೋಜನೆಯ ಮೂಲಕ ಇಡೀ ದೇಶಕ್ಕೇ ಮೊದಲಾಗಿ ಪಹಣಿಗಳನ್ನು ಗಣಕೀಕರಿಸಿದ ಕರ್ನಾಟಕಕ್ಕೆ ಇಲ್ಲಿ ಮುಂದಾಳತ್ವ ವಹಿಸುವ ಅವಕಾಶವಿದೆ. ಆದರೆ ಗಣಕದಲ್ಲಿ ತಪ್ಪು ತುಂಬಿದರೆ ತಪ್ಪೇ ಹೊರಬರುತ್ತದೆ. ಪಹಣಿ, ಖಾತೆ, ನೋಂದಣಿ, ನ್ಯಾಯಾಲಯದ ದಾವೆ, ಪಿ.ಟಿ.ಸಿ.ಎಲ್. ಅರ್ಜಿ ಎಲ್ಲವೂ ಒಂದೇ ಕಡೆ ಕಾಣುವಂತಾಗಬೇಕು. ನೋಂದಣಿ ಶುಲ್ಕ ದುಪ್ಪಟ್ಟು ಮಾಡಿದ ಸರ್ಕಾರದಿಂದ ಅಷ್ಟನ್ನು ಕೇಳುವ ಹಕ್ಕು ನಾಗರಿಕರಿಗಿದೆ.

ಅಲ್ಲಿಯವರೆಗೆ ನಮ್ಮ ಧರ್ಮಕೇಂದ್ರಗಳೂ ಕೈಕಟ್ಟಿ ಕೂರಬೇಕಾಗಿಲ್ಲ. ಪಾಲನಾ ಪರಿಷತ್ತು ಅಥವಾ ಕಥೊಲಿಕ್ ಸಭಾದ ಘಟಕ ವರ್ಷಕ್ಕೊಮ್ಮೆ ಸ್ಥಳೀಯ ವಕೀಲರನ್ನು ಕರೆಸಿ ಮಾಹಿತಿ ಸಭೆ ಏರ್ಪಡಿಸಬಹುದು. ಶುಲ್ಕ ಕೊಡಲಾಗದ ಬಡವರನ್ನು, ಮಹಿಳೆಯರನ್ನು, ಪರಿಶಿಷ್ಟ ಜಾತಿ ಪಂಗಡದವರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳುಹಿಸಬಹುದು. ಅಲ್ಲಿ ಅವರಿಗೆ ಉಚಿತ ನೆರವು ಹಕ್ಕಾಗಿ ಸಿಗುತ್ತದೆ. ಒಂದು ಕುಟುಂಬದಲ್ಲಿ ಎಷ್ಟು ಮಕ್ಕಳಿದ್ದರು, ಹೆಣ್ಣುಮಕ್ಕಳು ಯಾರು ಎಂಬುದನ್ನು ಅರಿಯಲು ನಮ್ಮ ಜ್ಞಾನಸ್ನಾನದ ಪುಸ್ತಕಗಳು ನೆರವಾಗುತ್ತವೆ. ವಂಶವೃಕ್ಷಕ್ಕಾಗಿ ಅದರ ಪ್ರತಿ ಕೇಳಿ ಬಂದವರಿಗೆ ವಿಳಂಬವಿಲ್ಲದೆ ಕೊಡುವುದೂ ಒಂದು ಸೇವೆಯೇ. ಹಾಗೆಯೇ ಸಹೋದರಿಯ ಪಾಲನ್ನು ಮರೆಮಾಚಿ ಮಾರಲು ಹೊರಟವರಿಗೆ ಬುದ್ಧಿ ಹೇಳುವ ನೈತಿಕ ಹೊಣೆಯೂ ನಮ್ಮ ಮೇಲಿದೆ.

ಪರಶುರಾಂಪುರದ ರೈತ ಹೊಲ ಕೊಳ್ಳುವಾಗ ಕೇಳುವ ಪ್ರಶ್ನೆಗೆ ಕಾಲೇಜು ಓದು ಬೇಕಾಗಿಲ್ಲ. ಈ ನೆಲ ಮೊದಲು ಯಾರದಾಗಿತ್ತು, ಅವರಿಂದ ಇವರಿಗೆ ಹೇಗೆ ಬಂತು, ಯಾರ ಪಾಲಾದರೂ ಉಳಿದಿದೆಯೇ? ಫ್ಲ್ಯಾಟಿನ ಬಾಗಿಲಲ್ಲಿ ನಿಂತಾಗಲೂ ಇವೇ ಮೂರು ಪ್ರಶ್ನೆಗಳನ್ನು ಕೇಳೋಣ. ಉತ್ತರವನ್ನು ನಮ್ಮ ವಕೀಲರಿಂದ, ಬರವಣಿಗೆಯಲ್ಲಿ, ಮುಂಗಡ ಕೊಡುವ ಮೊದಲು ಪಡೆಯೋಣ.